ಸಹಾಯ ಬೇಕು: ಮಿದುಳು ಗಡ್ಡೆಗೆ ಅಲ್ಟ್ರಾಸೌಂಡ್ ಚಿಕಿತ್ಸೆ, ಯಾರಿಗಾದರೂ ಗೊತ್ತೇ?

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ 46 ವರ್ಷ. ಹೋದ ವರ್ಷ ಗ್ಲಿಯೊಬ್ಲಾಸ್ಟೋಮಾ (ವೇಗವಾಗಿ ಬೆಳೆಯುವ ಮಿದುಳು ಕ್ಯಾನ್ಸರ್) ಎಂದು ತಿಳಿಯಿತು. ಶಸ್ತ್ರಚಿಕಿತ್ಸೆ, 30 ಬಾರಿ ವಿಕಿರಣ, ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ ಎಲ್ಲವೂ ಆಯಿತು. ಈ ತಿಂಗಳ ಎಂಆರ್‌ಐಯಲ್ಲಿ ಗಡ್ಡೆ ಮತ್ತೆ ಕಾಣಿಸಿದೆ. ಮೊನ್ನೆ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯಲು ಅವನ ಬಲಗೈ ಏಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ತಟ್ಟೆಯ ಪಕ್ಕ ಇಟ್ಟುಕೊಂಡ. ಅದನ್ನು ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ.

ಮತ್ತೆ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ ಎಂದು ಇಬ್ಬರು ವೈದ್ಯರು ಹೇಳಿದ್ದಾರೆ. ಹುಡುಕುತ್ತಾ ಹೋದಾಗ ಸೋನೋಡೈನಮಿಕ್ ಚಿಕಿತ್ಸೆಯ ವಿಷಯ ಸಿಕ್ಕಿತು. 5-ಎಎಲ್‌ಎ ಎಂಬ ಔಷಧ ಕೊಟ್ಟರೆ ಗಡ್ಡೆಯ ಕೋಶಗಳಲ್ಲಿ ಪ್ರೋಟೊಪಾರ್ಫಿರಿನ್ ಎಂಬ ವಸ್ತು ಶೇಖರವಾಗುತ್ತದೆ. ತಲೆಬುರುಡೆ ತೆರೆಯದೆ, ಹೊರಗಿನಿಂದ ಅಲ್ಟ್ರಾಸೌಂಡ್ ಹಾಯಿಸಿ ಅದನ್ನು ಚುರುಕುಗೊಳಿಸಿದರೆ ಆ ಕೋಶಗಳು ಸಾಯಬೇಕು ಎಂಬುದು ಇದರ ಲೆಕ್ಕ. ಶಸ್ತ್ರಚಿಕಿತ್ಸೆಯ ದಿನ, ಗಡ್ಡೆ ನೀಲಿ ಬೆಳಕಿನಲ್ಲಿ ಗುಲಾಬಿಯಾಗಿ ಹೊಳೆಯಲೆಂದು ಅಣ್ಣನಿಗೆ ಕುಡಿಸಿದ್ದೂ ಇದೇ ಔಷಧ! ಅದಕ್ಕೇ ಆಸೆ ಹುಟ್ಟಿದೆ.

ನನ್ನ ಗೊಂದಲ ಇಲ್ಲಿದೆ. ಸೂಕ್ಷ್ಮ ಗುಳ್ಳೆಗಳನ್ನು ರಕ್ತಕ್ಕೆ ಬಿಟ್ಟು, ಅಲ್ಟ್ರಾಸೌಂಡ್‌ನಿಂದ ರಕ್ತ-ಮಿದುಳು ತಡೆಗೋಡೆಯನ್ನು (ರಕ್ತದಲ್ಲಿನ ಔಷಧ ಮಿದುಳಿಗೆ ಹೋಗದಂತೆ ತಡೆಯುವ ಪದರ) ತುಸು ಹೊತ್ತು ತೆರೆದು ಕೀಮೋ ಒಳಗೆ ಕಳುಹಿಸುವ ಇನ್ನೊಂದು ಪ್ರಯೋಗವೂ ಇದೆ. ವಿಚಾರಿಸಿದ ಕಡೆಯಲ್ಲೆಲ್ಲ ಎರಡನ್ನೂ ಒಂದೇ ಎಂಬಂತೆ ಹೇಳುತ್ತಾರೆ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲೂ ಹುಡುಕಿದೆ, ನನಗೆ ದಾರಿ ಸಿಗಲಿಲ್ಲ.

ಗಡ್ಡೆ ಮರುಕಳಿಸಿದವರನ್ನು 5-ಎಎಲ್‌ಎ ಪ್ರಯೋಗಕ್ಕೆ ಸೇರಿಸಲು ನಿಮ್ಮಲ್ಲಿ ಯಾರಾದರೂ ಪ್ರಯತ್ನಿಸಿದ್ದೀರಾ? ಅಮೆರಿಕದ ಪ್ರಯೋಗಗಳಿಗೆ ಇಲ್ಲಿನ ರೋಗಿಯನ್ನು ಪರಿಗಣಿಸುತ್ತಾರೆಯೇ? ಮೊದಲು ಯಾವ ದಾಖಲೆ ಕಳುಹಿಸಬೇಕು?