ಪ್ಲಾಸ್ಮಾ ಕೇಂದ್ರಗಳು: ಯಂತ್ರ ಕಟ್ಟಲು ಹಣ ಸಿಗುತ್ತದೆ, ನಡೆಸಲು?

ಪ್ರಶ್ನೆ: ಹೊಸಬ

ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಪ್ಲಾಸ್ಮಾ ವಿಜ್ಞಾನದಲ್ಲಿ (ಎಲೆಕ್ಟ್ರಾನುಗಳು ಬೇರ್ಪಟ್ಟು ವಿದ್ಯುತ್ ಹರಿಸಬಲ್ಲ ಅನಿಲವೇ ಪ್ಲಾಸ್ಮಾ) ಪಿಎಚ್.ಡಿ. ಮಾಡುವ ಯೋಚನೆಯಲ್ಲಿದ್ದೇನೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿರುವ ಸಂಶೋಧನಾ ಕೇಂದ್ರಗಳ ಬಗ್ಗೆ ಓದುತ್ತಿದ್ದಾಗ ಒಂದು ಸಂಗತಿ ಅರ್ಥವಾಗಲಿಲ್ಲ. ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಬೈಜಿಕ ಸಮ್ಮಿಲನಕ್ಕೆಂದು, ಅಂದರೆ ಫ್ಯೂಷನ್‌ಗೆಂದು, ಅಲ್ಲಿನ ಸರ್ಕಾರ ರಾಷ್ಟ್ರೀಯ ಪ್ರಯೋಗಾಲಯಗಳಿಗೂ ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಫ್ಯೂಷನ್ ಯಂತ್ರ ಐಟರ್‌ಗೂ ದೊಡ್ಡ ಮೊತ್ತ ಕೊಡುತ್ತಲೇ ಇದೆ. ಹಾಗಿದ್ದ ಮೇಲೆ ವಿಶ್ವವಿದ್ಯಾಲಯಗಳ ಒಳಗೆ ಬೇರೆ ಕೇಂದ್ರಗಳನ್ನು ಸಾಕುವುದೇಕೆ? ಒಬ್ಬ ಪ್ರಾಧ್ಯಾಪಕರಿಗೆ ಕೊಡುವ ಅನುದಾನಕ್ಕೂ ಒಂದು ಕೇಂದ್ರಕ್ಕೆ ಕೊಡುವ ಅನುದಾನಕ್ಕೂ ಇರುವ ವ್ಯತ್ಯಾಸವೇನು? ನಡುವೆ ಹಣ ನಿಂತರೆ ವಿದ್ಯಾರ್ಥಿಯ ಗತಿ ಏನಾಗುತ್ತದೆ ಎಂಬುದೂ, ನಿಜ ಹೇಳಬೇಕೆಂದರೆ, ನನ್ನ ಚಿಂತೆ.

ಉತ್ತರ 1: ಹಳೆಯ ಓದುಗ

ಪ್ಲಾಸ್ಮಾ ಎಂದರೆ ಫ್ಯೂಷನ್ ಮಾತ್ರ ಎಂದುಕೊಂಡರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಸೂರ್ಯನ ಹೊರವಲಯ, ಭೂಮಿಯ ಕಾಂತಗೋಳ, ಸಿಲಿಕಾನ್ ಚಿಪ್‌ಗಳನ್ನು ಕೊರೆಯುವ ಯಂತ್ರದೊಳಗಿನ ಅನಿಲ, ಲೇಸರ್ ಬಡಿದು ಆವಿಯಾದ ಲೋಹ, ಇವೆಲ್ಲವೂ ಪ್ಲಾಸ್ಮಾವೇ. ಆದರೆ ಬಾಹ್ಯಾಕಾಶದ ಪ್ಲಾಸ್ಮಾವನ್ನು ನಾಸಾ ನೋಡಿಕೊಳ್ಳುತ್ತದೆ, ಫ್ಯೂಷನ್ ಎಂಬುದು ಇಂಧನ ಇಲಾಖೆಯ ಪಾಲು, ಅತಿ ಸಾಂದ್ರ ಪ್ಲಾಸ್ಮಾದ ಬಹುಭಾಗ ಅದೇ ಇಲಾಖೆಯ ಅಣ್ವಸ್ತ್ರ ವಿಭಾಗದ್ದು. ಹೀಗಾಗಿ ಮೂಲ ಪ್ಲಾಸ್ಮಾ ವಿಜ್ಞಾನವು ಎಲ್ಲ ಮನೆಗೂ ನೆಂಟ, ಯಾವ ಮನೆಗೂ ಮಗನಲ್ಲ ಎಂಬಂತೆ ಉಳಿಯಿತು.

1995ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿಯೊಂದು ಈ ಕೊರತೆಯತ್ತ ಬೆರಳು ಮಾಡಿದ ಮೇಲೆ, 1997ರಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಮತ್ತು ಇಂಧನ ಇಲಾಖೆ ಸೇರಿ ಮೂಲ ಪ್ಲಾಸ್ಮಾ ವಿಜ್ಞಾನಕ್ಕೆ ಜಂಟಿ ಯೋಜನೆಯನ್ನು ಆರಂಭಿಸಿದವು. ಮುಂದೆ 2003ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಪ್ರಯೋಗಾಲಯದ ಪ್ಲಾಸ್ಮಾದವರನ್ನೂ ಖಗೋಳದವರನ್ನೂ ಒಂದೇ ಚಾವಡಿಯಲ್ಲಿ ಕೂರಿಸುವ ಕೇಂದ್ರ ಬಂತು. 2009ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಕಡಿಮೆ ತಾಪದ ಪ್ಲಾಸ್ಮಾಕ್ಕೆ ಒಂದು ಕೇಂದ್ರ ಹುಟ್ಟಿತು. ಚಿಪ್ ಉದ್ಯಮಕ್ಕೆ ನೇರವಾಗಿ ಬೇಕಾದ ಆ ವಿಷಯಕ್ಕೆ ಹಣ ಕೊಟ್ಟದ್ದು ಇಂಧನ ಇಲಾಖೆಯ ಫ್ಯೂಷನ್ ಕಚೇರಿ ಎಂಬುದನ್ನು ಗಮನಿಸಿ. ಬೇರೆ ಕಚೇರಿ ಇರಲಿಲ್ಲ ಎಂದೇ ಅರ್ಥ.

ಉತ್ತರ 2: ನಿರ್ವಾತ

ನಿಮ್ಮ ಎರಡನೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ನನಗೆ ಅದೇ ಮುಖ್ಯ. ಒಬ್ಬ ಪ್ರಾಧ್ಯಾಪಕರ ಅನುದಾನ ಸಾಮಾನ್ಯವಾಗಿ ಮೂರು ವರ್ಷದ್ದು. ಒಬ್ಬಿಬ್ಬರು ವಿದ್ಯಾರ್ಥಿಗಳ ವೇತನ, ಪ್ರಯಾಣ, ಒಂದಷ್ಟು ಉಪಕರಣ, ಕಟ್ಟಡ, ಆಡಳಿತಕ್ಕೆಂದು ವಿಶ್ವವಿದ್ಯಾಲಯ ಕಡಿದುಕೊಳ್ಳುವ ಪರೋಕ್ಷ ವೆಚ್ಚ, ಅಷ್ಟಕ್ಕೆ ಅದು ಮುಗಿಯುತ್ತದೆ. ಪಿಎಚ್.ಡಿ.ಗೆ ಐದಾರು ವರ್ಷ ಬೇಕು. ಲೆಕ್ಕ ಇಲ್ಲೇ ತಪ್ಪುತ್ತದೆ. ಈ ಅಂತರವನ್ನು ತುಂಬುವುದು, ಮತ್ತು ಒಬ್ಬರ ಕೈಯಿಂದ ಆಗದ ಯಂತ್ರವನ್ನು ಹಲವರಿಗಾಗಿ ನಡೆಸುವುದು ಕೇಂದ್ರದ ಕೆಲಸ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿರುವ ದೊಡ್ಡ ಪ್ಲಾಸ್ಮಾ ಸಾಧನವನ್ನು ನೋಡಿ. ಸ್ವೀಡನ್ನಿನ ಭೌತವಿಜ್ಞಾನಿ ಹಾನೆಸ್ ಆಲ್ಫ್‌ವೆನ್ 1942ರಲ್ಲಿ ಊಹಿಸಿದ ಪ್ಲಾಸ್ಮಾ ತರಂಗಗಳು ಕಾಂತರೇಖೆಗಳ ಗುಂಟ ಮೀಟರುಗಟ್ಟಲೆ ಉದ್ದ ಚಾಚಿಕೊಳ್ಳುತ್ತವೆ; ಮೇಜಿನ ಮೇಲಿಡುವ ಕೊಳವೆಯಲ್ಲಿ ಅವಕ್ಕೆ ಜಾಗವೇ ಸಾಲದು. ಅದಕ್ಕಾಗಿಯೇ ಅಲ್ಲಿನ ನಿರ್ವಾತ ಪಾತ್ರೆ ಸುಮಾರು 20 ಮೀಟರ್ ಉದ್ದವಿದೆ. ಸೆಕೆಂಡಿಗೊಮ್ಮೆ ಪ್ಲಾಸ್ಮಾ ಹೊತ್ತಿ ಆರುತ್ತದೆ, ಶೋಧಕವು ಕೆಲವು ಮಿಲಿಮೀಟರ್ ಸರಿದು ಮತ್ತೆ ಅಳೆಯುತ್ತದೆ, ಹೀಗೆ ಸಾವಿರಾರು ಬಿಂದುಗಳಿಂದ ಒಂದು ತರಂಗದ ಚಿತ್ರ ಮೂಡುತ್ತದೆ. 2001ರಿಂದ ಅದು ಹೊರಗಿನ ಸಂಶೋಧಕರಿಗೂ ತೆರೆದ ಸೌಲಭ್ಯ. ವಿಜ್ಞಾನ ಪ್ರತಿಷ್ಠಾನ ಮತ್ತು ಇಂಧನ ಇಲಾಖೆ ಎರಡೂ ಬಹುಕಾಲ ಅದನ್ನು ಪೋಷಿಸಿದವು.

ಇಲ್ಲಿ ಹಣ ಹೋಗುವುದು ಎಲ್ಲಿಗೆ? ನಾನು ವಿದ್ಯಾರ್ಥಿಯಾಗಿದ್ದ ಪ್ರಯೋಗಾಲಯ ಇದಕ್ಕಿಂತ ಎಷ್ಟೋ ಚಿಕ್ಕದು. ಒಮ್ಮೆ ಪಾತ್ರೆಯೊಳಗಿನ ಒತ್ತಡ ಇಳಿಯಬೇಕಾದಷ್ಟು ಇಳಿಯದೆ ನಿಂತುಬಿಟ್ಟಿತು. ಮೂವರು ವಿದ್ಯಾರ್ಥಿಗಳು ನಾಲ್ಕು ದಿನ ಒಂದೊಂದೇ ಜೋಡಣೆಯ ಸುತ್ತ ಹೀಲಿಯಂ ಊದುತ್ತಾ, ಸೋರಿಕೆ ಪತ್ತೆಯಂತ್ರದ ಮುಳ್ಳನ್ನೇ ನೋಡುತ್ತಾ ಕುಳಿತೆವು. ರಜೆಯಿಂದ ಮರಳಿದ ತಂತ್ರಜ್ಞರು ನೇರವಾಗಿ ಹೋಗಿ, ಶೋಧಕದ ದಂಡ ಒಳಹೋಗುವ ಕಡೆಯ ರಬ್ಬರ್ ಉಂಗುರವನ್ನು ಬಿಚ್ಚಿ, ಅದರ ಮೇಲಿದ್ದ ಕೂದಲೆಳೆಯಷ್ಟು ಸಣ್ಣ ಗೀರನ್ನು ಉಗುರಿನಿಂದ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಮಾ ಹೊತ್ತಿತು. ಮರುವರ್ಷ ಅನುದಾನ ನವೀಕರಣವಾದಾಗ ಹೊಸ ಕ್ಯಾಮರಾಕ್ಕೆ ಹಣ ಬಂತು, ಅವರ ಹುದ್ದೆಗೆ ಬರಲಿಲ್ಲ. ಆ ಕ್ಯಾಮರಾ ಬಹುಕಾಲ ಪೆಟ್ಟಿಗೆಯಲ್ಲೇ ಇತ್ತು.

ಯಂತ್ರಕ್ಕೆ ಹಣ ಕೊಡುವುದು ಸುಲಭ, ಉದ್ಘಾಟನೆಯ ಚಿತ್ರವೂ ಸಿಗುತ್ತದೆ. ಮಿಷಿಗನ್‌ನ ಅತಿ ಪ್ರಬಲ ಲೇಸರ್ ಜೂಸ್‌ಗೆ 2019ರಲ್ಲಿ ವಿಜ್ಞಾನ ಪ್ರತಿಷ್ಠಾನ 1.6 ಕೋಟಿ ಡಾಲರ್ ಮಂಜೂರು ಮಾಡಿದ್ದು ದೊಡ್ಡ ಸುದ್ದಿಯಾಯಿತು, ಆಗಬೇಕಾದದ್ದೇ. ಆದರೆ ಅಂಥ ಯಂತ್ರವನ್ನು ಪ್ರತಿವರ್ಷ ನಡೆಸುವ ಕೈಗಳ ಸಂಬಳ ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ.

ಉತ್ತರ 3: ತಕರಾರಿ

ನಿರ್ವಾತ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಅಡಚಣೆ ಬರೀ ಅನುದಾನದ ನಿಯಮಗಳದ್ದಲ್ಲ, ರಾಜಕೀಯದ್ದು ಕೂಡ. ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಆಲ್ಕೇಟರ್ ಸಿ-ಮಾಡ್ ಟೊಕಮಾಕ್‌ಗೆ, ಅಂದರೆ ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಉಂಗುರಾಕಾರದ ಯಂತ್ರಕ್ಕೆ, ಆದದ್ದನ್ನು ನೋಡಿ. ಐಟರ್‌ಗೆ ಕೊಡಬೇಕಾದ ಪಾಲು ಏರುತ್ತಿತ್ತು, ಒಟ್ಟು ಫ್ಯೂಷನ್ ಬಜೆಟ್ ಅದೇ ಪ್ರಮಾಣದಲ್ಲಿ ಏರಲಿಲ್ಲ. 2013ರ ಆರ್ಥಿಕ ವರ್ಷದ ಪ್ರಸ್ತಾವದಲ್ಲಿ ಸಿ-ಮಾಡ್ ಮುಚ್ಚಬೇಕೆಂದಾಯಿತು. ಸಂಸತ್ತು ಮಧ್ಯೆ ಬಂದು ಕೆಲಕಾಲ ಉಸಿರು ತುಂಬಿದರೂ 2016ರ ಸೆಪ್ಟೆಂಬರ್ ಕೊನೆಗೆ ಅದು ನಿಂತಿತು. ಪ್ಲಾಸ್ಮಾದ ಒತ್ತಡದಲ್ಲಿ ತನ್ನದೇ ಆದ 1.77 ವಾತಾವರಣದ ದಾಖಲೆಯನ್ನು 2.05ಕ್ಕೆ ಏರಿಸಿದ್ದು ಅದರ ಕೊನೆಯ ಪ್ರಯೋಗಗಳಲ್ಲಿ! ರಾಚೆಸ್ಟರ್ ವಿಶ್ವವಿದ್ಯಾಲಯದ ಲೇಸರ್ ಪ್ರಯೋಗಾಲಯಕ್ಕೂ 2019ರ ಬಜೆಟ್ ಪ್ರಸ್ತಾವದಲ್ಲಿ ಹಂತಹಂತವಾಗಿ ಹಣ ನಿಲ್ಲಿಸುವ ಸೂಚನೆಯಿತ್ತು. ಸಂಸತ್ತು ಅದನ್ನು ಒಪ್ಪದಿದ್ದರಿಂದ ಅದು ಉಳಿಯಿತು.

ಇನ್ನೊಂದು ಬದಿಯನ್ನೂ ಹೇಳಬೇಕು. ಒಮ್ಮೆ ಹುಟ್ಟಿದ ಕೇಂದ್ರ ಎಂದೆಂದಿಗೂ ಉಳಿಯಬೇಕೆಂಬ ವಾದ ನನಗೆ ಹಿಡಿಸುವುದಿಲ್ಲ. ಹೇಳಿಕೊಳ್ಳಲು ಹೊಸ ಪ್ರಶ್ನೆ ಇಲ್ಲದೆ, ಹಳೆಯ ಯಂತ್ರವನ್ನು ಜೀವಂತವಾಗಿಡುವುದನ್ನೇ ಗುರಿಯಾಗಿಸಿಕೊಂಡ ಕೇಂದ್ರಕ್ಕಿಂತ ಹತ್ತು ಚಿಕ್ಕ ಅನುದಾನಗಳು ಮೇಲು.

ಪ್ರಶ್ನಿಸಿದವರ ಮರುಮಾತು: ಹೊಸಬ

ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಒಂದು ಕೇಂದ್ರಕ್ಕೆ ಅರ್ಜಿ ಹಾಕುವ ಮುನ್ನ ಏನನ್ನು ವಿಚಾರಿಸಬೇಕು? ಹಣದ ಬಗ್ಗೆ ಕೇಳಿದರೆ ತಪ್ಪು ತಿಳಿಯುವುದಿಲ್ಲವೇ?

ಉತ್ತರ 4: ನಿರ್ವಾತ

ತಪ್ಪು ತಿಳಿಯುವ ಮಾರ್ಗದರ್ಶಕರಾದರೆ ಅದು ಮೊದಲೇ ಗೊತ್ತಾಗುವುದು ಒಳ್ಳೆಯದೇ. ಈಗಿನ ಅನುದಾನ ಯಾವ ವರ್ಷಕ್ಕೆ ಮುಗಿಯುತ್ತದೆ, ನವೀಕರಣದ ಪರಿಶೀಲನೆ ಯಾವಾಗ, ಅದು ಸಿಗದಿದ್ದರೆ ನಿಮ್ಮ ವೇತನ ಬೋಧನಾ ಸಹಾಯಕ ಹುದ್ದೆಯಿಂದ ಬರುತ್ತದೆಯೇ ಎಂದು ಕೇಳಿ. ಯಂತ್ರ ನಿಂತರೂ ಪ್ರಬಂಧ ಬರೆಯಬಹುದಾದಷ್ಟು ಹಳೆಯ ದತ್ತಾಂಶವಿದೆಯೇ ಎಂದೂ ಕೇಳಿ. ಸಿ-ಮಾಡ್ ನಿಂತ ಮೇಲೂ ಅದರ ದತ್ತಾಂಶದ ಮೇಲೆ ಕೆಲಸ ನಡೆದಿದೆ. ಭೇಟಿಗೆ ಅವಕಾಶವಾದರೆ ನಿರ್ದೇಶಕರ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರಬೇಡಿ. ಕೆಳಗಿಳಿದು ಪಂಪುಗಳ ಬಳಿ ಇರುವವರನ್ನು, ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಮಾತನಾಡಿಸಿ.