ಡೈನೊ ಇಲ್ಲದೆ ಕ್ವಾಡ್ ಬೈಕಿನ ಅಶ್ವಶಕ್ತಿಯ ಅಂದಾಜು

ಪ್ರಶ್ನೆ (ಕಲಬುರಗಿ): ಕಾರ್ಬ್ಯುರೇಟರ್, ಸೈಲೆನ್ಸರ್ ಬದಲಿಸಿ ದೊಡ್ಡ ಟೈರ್ ಹಾಕಿಸಿದ ನಮ್ಮ ನಾಲ್ಕು ಚಕ್ರದ ಕ್ವಾಡ್ ಬೈಕಿನ ಅಶ್ವಶಕ್ತಿ ಈಗ ಎಷ್ಟಿದೆ ಎಂಬುದನ್ನು ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಇಲ್ಲದೆ ತಿಳಿಯುವುದು ಹೇಗೆ? ಐದು ಅಶ್ವಶಕ್ತಿ ಹೆಚ್ಚುವುದು ಗ್ಯಾರಂಟಿ ಎಂದು ಕಿಟ್ ಮಾರಿದವರು ಹೇಳಿದ್ದರು.

ಉತ್ತರ (ಬೀದರ್): ತೊಗರಿ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಸವಾರನ ಸಮೇತ ಗಾಡಿಯನ್ನು ತೂಗಿಸಿ, ಖಾಸಗಿ ಜಾಗದ ಸಮತಟ್ಟಾದ ಗಟ್ಟಿ ನೆಲದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಗಂಟೆಗೆ 20ರಿಂದ 60 ಕಿ.ಮೀ. ವೇಗಕ್ಕೇರಲು ಹಿಡಿಯುವ ಸಮಯವನ್ನು ಎರಡೂ ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಒಟ್ಟು 350 ಕೆ.ಜಿ. ತೂಕಕ್ಕೆ 4 ಸೆಕೆಂಡು ಹಿಡಿದರೆ, ಚಲನಶಕ್ತಿಯ ಹೆಚ್ಚಳವಾದ (ತೂಕದ ಅರ್ಧವನ್ನು, ಸೆಕೆಂಡಿಗೆ ಮೀಟರ್ ಲೆಕ್ಕದ ಎರಡು ವೇಗಗಳ ವರ್ಗಗಳ ವ್ಯತ್ಯಾಸದಿಂದ ಗುಣಿಸಿದ) ಸುಮಾರು 43,200 ಜೂಲ್‌ಗಳನ್ನು 4ರಿಂದ ಭಾಗಿಸಿದಾಗ 10,800 ವ್ಯಾಟ್, ಅದನ್ನು 746ರಿಂದ (ಒಂದು ಅಶ್ವಶಕ್ತಿಗೆ 746 ವ್ಯಾಟ್) ಭಾಗಿಸಿದಾಗ ಸರಾಸರಿ 14.5 ಅಶ್ವಶಕ್ತಿ ಬರುತ್ತದೆ. ಗಾಳಿಯ ತಡೆ, ಟೈರಿನ ಘರ್ಷಣೆ ಇದರಲ್ಲಿ ಸೇರದ ಕಾರಣ ಎಂಜಿನ್ನಿನ ಗರಿಷ್ಠ ಶಕ್ತಿ ಇದಕ್ಕಿಂತ ಹೆಚ್ಚೇ ಇರುತ್ತದೆ.

ಉತ್ತರ (ಯಾದಗಿರಿ): ದೊಡ್ಡ ಟೈರ್ ಇದ್ದಾಗ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವುದರಿಂದ ಜಿಪಿಎಸ್ ಬಳಸಿರಿ, ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ ವೇಗ ಶೇ. 5ರಷ್ಟು ತಪ್ಪಿದರೆ ಉತ್ತರ ಶೇ. 10ರಷ್ಟು ತಪ್ಪುತ್ತದೆ. ಎರೆ ಹೊಲದಲ್ಲಂತೂ ಬೇಡವೇ ಬೇಡ, ಚಕ್ರ ಜಾರುತ್ತದೆ.

ಉತ್ತರ (ಕಲಬುರಗಿ): ಹಳೆಯ ಸೈಲೆನ್ಸರ್, ಕಾರ್ಬ್ಯುರೇಟರ್ ಮತ್ತೆ ಕೂರಿಸಿ ಅದೇ ಹೊತ್ತಿನಲ್ಲಿ ಓಡಿಸಿ ನೋಡದೆ ಗ್ಯಾರಂಟಿಯ ಮಾತು ಇತ್ಯರ್ಥವಾಗದು, ಏಕೆಂದರೆ ನಮ್ಮ 42 ಡಿಗ್ರಿ ಬಿಸಿಲಿನ ಗಾಳಿಯ ಸಾಂದ್ರತೆ 25 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 5ರಷ್ಟು ಕಡಿಮೆ, ಅದರಿಂದ ಎಂಜಿನ್ನಿನ ಶಕ್ತಿಯೂ ತಗ್ಗುತ್ತದೆ.