ಸಹಾಯ ಬೇಕು: ಅಪ್ಪನ ರೇಡಿಯೇಷನ್ ಮುಗಿಯೋವರೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಹತ್ತಿರ ಒಂದು ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಕಡೆಯ ಹಳ್ಳಿ. ಅಪ್ಪನಿಗೆ 61 ವರ್ಷ. ಮೆದುಳಲ್ಲಿ ಗಡ್ಡೆ, ಗ್ಲಿಯೋಬ್ಲಾಸ್ಟೋಮಾ ಅನ್ನೋ ಕ್ಯಾನ್ಸರ್. ಆಪರೇಷನ್ ಆಗಿದೆ. ಸೋಮವಾರದಿಂದ ರೇಡಿಯೇಷನ್, ವಾರಕ್ಕೆ 5 ದಿನದಂತೆ ಒಟ್ಟು 30 ಸಲ. ಜೊತೆಗೆ ಟೆಮೊಜೊಲೊಮೈಡ್ ಅನ್ನೋ ಕೀಮೋ ಕ್ಯಾಪ್ಸೂಲ್, ಅದು ಭಾನುವಾರವೂ ತಪ್ಪುವ ಹಾಗಿಲ್ಲ.

ಆರು ವಾರ ಊರಿಂದ ಓಡಾಡೋದು ಆಗದ ಮಾತು. ಲಕ್ಕಸಂದ್ರ, ವಿಲ್ಸನ್ ಗಾರ್ಡನ್, ಆಡುಗೋಡಿ ಕಡೆ ನೆಲಮಹಡಿಯಲ್ಲಿ ಒಂದು ರೂಮು, ಪುಟ್ಟ ಅಡುಗೆಮನೆ ಇದ್ದರೆ ತಿಳಿಸಿ. ಎಡಗಾಲು ಎಳೆದುಕೊಂಡು ನಡೀತಾರೆ, ಮೆಟ್ಟಿಲು ಹತ್ತಲಾರರು. ವೆಸ್ಟರ್ನ್ ಕಮೋಡ್ ಇರಲೇಬೇಕು. ಬಾಡಿಗೆ ಸರಿಯಾಗಿ ಕೊಡುತ್ತೇವೆ, ದೊಡ್ಡ ಅಡ್ವಾನ್ಸ್ ಮಾತ್ರ ಕಷ್ಟ.

ಇನ್ನೊಂದು ವಿಷಯ. ಇದನ್ನು ಮನೆಯಲ್ಲಿ ನೋಡಿಕೊಂಡವರೇ ಹೇಳಬೇಕು. ಮೆದುಳಿನ ಊತ ಇಳಿಯಲು ಡೆಕ್ಸಾಮೆಥಾಸೋನ್ ಕೊಟ್ಟಿದ್ದಾರೆ. ಅದು ಶುರುವಾದ ಮೇಲೆ ಶುಗರ್ ಏರಿದೆ, ನಿದ್ದೆ ಇಲ್ಲ, ವಿಪರೀತ ಹಸಿವು. ಮೊನ್ನೆ ರಾತ್ರಿ ಎರಡು ಗಂಟೆಗೆ ಅನ್ನದ ಪಾತ್ರೆ ಮುಂದಿಟ್ಟುಕೊಂಡು ಕತ್ತಲಲ್ಲೇ ಕೂತಿದ್ದರು. "ಬೆಳಿಗ್ಗೆ ಬಿಸಿಯಾಗಿ ಮಾಡಿಕೊಡ್ತೀನಿ, ಬಿಡಿ" ಅಂದಿದ್ದಕ್ಕೆ ಅಮ್ಮನ ಮೇಲೆ ಕೂಗಾಡಿದರು. ಏರುದನಿಯಲ್ಲಿ ಮಾತಾಡಿದವರೇ ಅಲ್ಲ ನಮ್ಮಪ್ಪ. ಆಮೇಲೆ ಅವರೇ ಅತ್ತರು. ಡೋಸ್ ನಿಧಾನಕ್ಕೆ ಇಳಿಸುತ್ತಾರಂತೆ, ನಾವಾಗೇ ನಿಲ್ಲಿಸಬಾರದು ಅಂದಿದ್ದಾರೆ ಡಾಕ್ಟರು. ಅಲ್ಲಿಯವರೆಗೆ ರಾತ್ರಿಗಳನ್ನು ನೀವು ಹೇಗೆ ಕಳೆದಿರಿ? ಶುಗರ್ ಏರದ ಹಾಗೆ ಹೊಟ್ಟೆಗೆ ಏನು ಕೊಟ್ಟಿರಿ?

ದಯವಿಟ್ಟು ನಾಟಿ ಔಷಧಿಯ ವಿಳಾಸ ಮಾತ್ರ ಕಳಿಸಬೇಡಿ. ನೆಂಟರ ಕಡೆಯಿಂದ ಆಗಲೇ ಹನ್ನೊಂದು ಬಂದಿವೆ.